ಸೌಟು ಹಿಡಿದ ಮದುಮಗಳು

ಚೆನ್ನೈಯ ಹೆಚ್ಚಿನ ಮನೆಗಳಲ್ಲಿ ಆರತಕ್ಷತೆ ನಡೆಯುವುದು ಮುಹೂರ್ತದ ಹಿಂದಿನ ಸಂಜೆ. ತಾಳಿ ಕಟ್ಟುವುದು ಇನ್ನೂ ಬಾಕಿ. ಅಭಿನಂದನೆ ಮಾತ್ರ ಮುಂಗಡವಾಗಿ ಸಂದಾಯವಾಗಿರುತ್ತದೆ. ವೇದಿಕೆಯ ಮೇಲೆ ಮಖಮಲ್ಲು ಹೊದಿಸಿದ ಎರಡು ಸಿಂಹಾಸನ ಇಟ್ಟಿರುತ್ತಾರೆ, ಆದರೆ ಮದುಮಕ್ಕಳಿಗೆ ಅದರಲ್ಲಿ ಕೂರಲು ಪುರುಸೊತ್ತಿಲ್ಲ. ಕೆಳಗೆ ಸಾಲು ನಿಂತಿದೆ. ಒಬ್ಬೊಬ್ಬರೇ ಹತ್ತಿ ಬಂದು, ಕವರು ಕೊಟ್ಟು, ಕ್ಯಾಮೆರಾ ಕಡೆ ತಿರುಗಿ ನಕ್ಕು, ಆ ಕಡೆಯ ಮೆಟ್ಟಿಲಿನಿಂದ ಇಳಿದುಹೋಗುತ್ತಾರೆ. ಪಕ್ಕದಲ್ಲೇ ಲೈಟ್ ಮ್ಯೂಸಿಕ್ ತಂಡದ ಡ್ರಮ್ಮು. ಬಂದವರು ಏನೋ ಹೇಳುತ್ತಾರೆ, ಮದುಮಗಳು ಇನ್ನೇನೋ ಕೇಳಿಸಿಕೊಂಡು ತಲೆಯಾಡಿಸುತ್ತಾಳೆ.

ಊಟದ ಹಾಲಿನಲ್ಲಿ ಇನ್ನೊಂದು ಸಾಲು. ಉಣ್ಣುತ್ತಿರುವವರ ಕುರ್ಚಿಯ ಬೆನ್ನು ಹಿಡಿದು ಮುಂದಿನ ಪಂಕ್ತಿಯವರು ನಿಂತಿರುತ್ತಾರೆ. ನಾನು ಇನ್ನೂ ಸಾರಿನಲ್ಲಿದ್ದೇನೋ, ಮೊಸರನ್ನಕ್ಕೆ ಬಂದೆನೋ ಎಂದು ಒಬ್ಬರು ಹಿಂದಿನಿಂದ ಲೆಕ್ಕ ಹಾಕುತ್ತಿರುವಾಗ ಗಂಟಲಲ್ಲಿ ಯಾವುದೂ ಸರಾಗವಾಗಿ ಇಳಿಯುವುದಿಲ್ಲ. ಮದುಮಕ್ಕಳ ಊಟ ಎಲ್ಲರದ್ದೂ ಆದ ಮೇಲೆ, ರಾತ್ರಿ ಹನ್ನೊಂದರ ಹೊತ್ತಿಗೆ. ಆಗಲೂ ವಿಡಿಯೋದವನು ಬಿಡುವುದಿಲ್ಲ. ಒಬ್ಬರ ಬಾಯಿಗೆ ಇನ್ನೊಬ್ಬರು ಜಾಮೂನು ಇಡಬೇಕು, ಬೆಳಕು ಸರಿ ಬರಲಿಲ್ಲವೆಂದರೆ ಇನ್ನೊಮ್ಮೆ ಇಡಬೇಕು.

ಇಂಥ ಎಷ್ಟೋ ಸಂಜೆಗಳಲ್ಲಿ ಕುರ್ಚಿಯ ಬೆನ್ನು ಹಿಡಿದು ನಿಂತವಳು ನಾನು. ನನ್ನ ಗಂಡನಾಗಲಿದ್ದವನೂ ಹಾಗೇ ನಿಂತವನು. ಅವನು ಪಶ್ಚಿಮ ಮಾಂಬಲದ ತಮಿಳರ ಹುಡುಗ, ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯವಳು. ಕೆಲಸ ಇಬ್ಬರದ್ದೂ ಇದೇ ಊರಿನಲ್ಲಿ. ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ, ಅದಾದ ಮೇಲೆ ಬರುವ ಭಾನುವಾರ ಮಧ್ಯಾಹ್ನ ಬಂಧುಬಳಗಕ್ಕೆ ಒಂದು ಊಟ, ಆ ಊಟದ ಅಡುಗೆ ನಮ್ಮದೇ ಎಂದು ತೀರ್ಮಾನಿಸಿದೆವು. ಅಡುಗೆ ನಮ್ಮದೇ ಎಂದರೆ ಖರ್ಚು ನಮ್ಮದು ಎಂಬ ಅರ್ಥದಲ್ಲಲ್ಲ. ಬೇಳೆ ತೊಳೆಯುವುದರಿಂದ ಹಿಡಿದು ಎಲೆ ಎತ್ತುವ ತನಕ.

1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗುವವರು ಮೊದಲು ನೋಟೀಸು ಕೊಡಬೇಕು. ಅದನ್ನು ಕಚೇರಿಯ ಗೋಡೆಗೆ ಹಚ್ಚಿ, ಯಾರದ್ದಾದರೂ ತಕರಾರು ಇದೆಯೇ ಎಂದು ಸರಕಾರ 30 ದಿನ ಕಾಯುತ್ತದೆ. ಆಮೇಲೆ ಮೂವರು ಸಾಕ್ಷಿಗಳ ಎದುರು ಸಹಿ. ಕಾಸರಗೋಡಿನ ಹುಡುಗಿ, ಮಾಂಬಲದ ಹುಡುಗ, ಭಾಷೆ ಬೇರೆ, ಪುರೋಹಿತರಿಲ್ಲ, ಅಗ್ನಿಯಿಲ್ಲ. ಇದಕ್ಕೆ ಗೋಡೆಯ ಮೇಲೂ ತಕರಾರು ಬರಲಿಲ್ಲ, ಮನೆಯೊಳಗೂ ದೊಡ್ಡದಾಗಿ ಬರಲಿಲ್ಲ. ತಕರಾರು ಎದ್ದದ್ದು ಅಡುಗೆಯ ಸುದ್ದಿ ಹೊರಬಿದ್ದ ಮೇಲೆ. ಊರಿನಿಂದ ದೊಡ್ಡಪ್ಪ ಫೋನು ಮಾಡಿದರು. "ಮಂತ್ರ ಬೇಡವಾದರೆ ಬೇಡ ಮಾರಾಯ್ತಿ, ಅದು ನಿಮ್ಮಿಷ್ಟ. ಅಡುಗೆಯವರಿಲ್ಲದೆ ಎಂಥದ್ದು ಮದುವೆ?" ಅತ್ತೆ ನೇರವಾಗಿ ಏನೂ ಅನ್ನಲಿಲ್ಲ. ಮಗನನ್ನು ಕರೆದು, ನಮ್ಮ ಕೈಯಲ್ಲಿ ದುಡ್ಡಿಲ್ಲವೆಂದು ಬೀದಿಯವರು ತಿಳಿದುಕೊಳ್ಳುವುದಿಲ್ಲವೇ ಎಂದು ಕೇಳಿದರಂತೆ.

ನನಗೆ ಇದು ಸೋಜಿಗ. ಪುರೋಹಿತರಿಲ್ಲದ ಮದುವೆಗೆ ಕನ್ನಡ, ತಮಿಳು ಎರಡೂ ನಾಡುಗಳಲ್ಲಿ ಒಳ್ಳೆಯ ಮೇಲ್ಪಂಕ್ತಿಯಿದೆ. 1966ರಲ್ಲಿ ತೇಜಸ್ವಿಯವರ ಮದುವೆಗೆಂದು ಕುವೆಂಪು ರೂಪಿಸಿದ ಮಂತ್ರಮಾಂಗಲ್ಯ ಕರ್ನಾಟಕದಲ್ಲಿ ಇವತ್ತಿಗೂ ನಡೆಯುತ್ತಿದೆ. ಮರುವರ್ಷವೇ, 1967ರಲ್ಲಿ, ಅಣ್ಣಾದುರೈ ಸರಕಾರ ಹಿಂದೂ ವಿವಾಹ ಕಾಯ್ದೆಗೆ ತಿದ್ದುಪಡಿ ತಂದು ಸುಯಮರಿಯಾದೈ, ಅಂದರೆ ಸ್ವಾಭಿಮಾನದ, ಮದುವೆಗಳಿಗೆ ಕಾನೂನಿನ ಮುದ್ರೆ ಒತ್ತಿತು. ಪೆರಿಯಾರರ ಕಾಲದಿಂದ ನಡೆದುಬಂದಿದ್ದ ಮದುವೆಗಳವು; ಹಾರ ಬದಲಾಯಿಸಿದರೂ ಆಯಿತು, ಉಂಗುರ ತೊಡಿಸಿದರೂ ಆಯಿತು. ಎರಡು ತಲೆಮಾರು ಕಳೆಯುವಷ್ಟರಲ್ಲಿ ಮಂತ್ರವಿಲ್ಲದ ಮದುವೆಯನ್ನು ಜನ ಅರಗಿಸಿಕೊಂಡಿದ್ದಾರೆ. ಕಂಟ್ರಾಕ್ಟರು ಇಲ್ಲದ ಮದುವೆಯನ್ನು ಅರಗಿಸಿಕೊಂಡಿಲ್ಲ. ಮದುವೆಯ ಮನೆಯವರು ಕೆಲಸಕ್ಕೆ ಕೈಹಾಕಬಾರದು ಎಂಬುದೇ ಈಗ ಶಾಸ್ತ್ರ. ರೇಷ್ಮೆಸೀರೆಯ ಮದುಮಗಳು ತಾಳಿಯಿಲ್ಲದೆ ನಿಂತರೂ ನಡೆದೀತು, ಕೈಯಲ್ಲಿ ಸೌಟು ಹಿಡಿದು ನಿಂತರೆ ಮರ್ಯಾದೆ ಹೋಗುತ್ತದೆ.

ಅದನ್ನು ಹೇಳುತ್ತಿದ್ದವರು ನಮ್ಮ ದೊಡ್ಡಪ್ಪ ಎಂಬುದು ಇನ್ನೂ ಸೋಜಿಗ. ನಮ್ಮ ಹವ್ಯಕರ ಮನೆಗಳಲ್ಲಿ ಜಂಬಾರದ, ಅಂದರೆ ಸಮಾರಂಭದ, ಹಿಂದಿನ ರಾತ್ರಿ ಮೇಲಾರಕ್ಕೆ ಕೊರೆಯುವುದು ಎಂದೊಂದು ಕ್ರಮವಿತ್ತು; ಮಜ್ಜಿಗೆಹುಳಿಗೆ ತರಕಾರಿ ಹೆಚ್ಚುವುದು. ಊಟ ಮುಗಿಸಿ ನೆರೆಕರೆಯವರೆಲ್ಲ ತಂತಮ್ಮ ಕತ್ತಿ, ಮೆಟ್ಟುಕತ್ತಿ ಹಿಡಿದುಕೊಂಡು ಬರುವರು. ಅಂಗಳದ ಚಪ್ಪರದಡಿ ಚಾಪೆ ಹಾಸಿ, ಕುಂಬಳ, ಸೌತೆ, ಗುಜ್ಜೆ ಎಂಬ ಎಳೆ ಹಲಸುಗಳನ್ನು ರಾಶಿ ಸುರಿದು, ಹೋಳು ಮಾಡುತ್ತಾ ಊರಿನ ಸುದ್ದಿಯನ್ನೂ ಹೋಳು ಮಾಡುವರು. ನಡುವೆ ಒಂದು ಸುತ್ತು ಕಾಫಿ, ಎಲೆಯಡಿಕೆ. ಮರುದಿನ ಅಡುಗೆಗೆ ಭಟ್ಟರೊಬ್ಬರು ಇರುತ್ತಿದ್ದರು, ನಿಜ. ಆದರೆ ಬಡಿಸುವುದು, ವಿಚಾರಿಸಿಕೊಳ್ಳುವುದು, ಎಲೆ ಎತ್ತುವುದು, ಮುಂದಿನ ಹಂತಿಗೆ, ಅಂದರೆ ಪಂಕ್ತಿಗೆ, ನೆಲ ಒರೆಸುವುದು ಎಲ್ಲವೂ ಸುಧರಿಕೆಯವರ ಪಾಲು. ಸುಧರಿಕೆಯವರೆಂದರೆ ಅಣ್ಣತಮ್ಮಂದಿರು, ಭಾವಂದಿರು, ಪಕ್ಕದ ಮನೆಯ ಮಾಣಿಗಳು. ಸಂಬಳದವರು ಒಬ್ಬರೂ ಇಲ್ಲ. ದೊಡ್ಡಪ್ಪ ಸ್ವತಃ ಸುಧರಿಕೆಯಲ್ಲಿ ಹೆಸರು ಮಾಡಿದವರು. ಅವರು ಸಾರಿನ ಚೆಂಬು ಹಿಡಿದು ಹೊರಟರೆ ಎಲೆಯ ಮೇಲೆ ಒಂದು ತೊಟ್ಟು ಆಚೀಚೆ ಆಗುತ್ತಿರಲಿಲ್ಲ. ಈಗ ಊರಿನಲ್ಲೂ ಬಫೆ ಬಂದಿದೆ, ಸಮವಸ್ತ್ರದ ಹುಡುಗರು ಬಂದಿದ್ದಾರೆ. ನಾನು ಅದನ್ನೆಲ್ಲ ನೆನಪಿಸಿದಾಗ ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೆನ್ನೈಯಲ್ಲಿ ಗುಜ್ಜೆ ಸಿಗ್ತದಾ?" ಎಂದು ಕೇಳಿದರು. ಅಷ್ಟಕ್ಕೆ ಅವರು ನಮ್ಮ ಪಕ್ಷಕ್ಕೆ ಬಂದರೆಂದೇ ಲೆಕ್ಕ.

ಹಾಗೆ ನೋಡಿದರೆ, ಮದರಾಸಿಗೆ ಬಡಿಸುವುದನ್ನು ಕಲಿಸಿದವರಲ್ಲಿ ನಮ್ಮ ಕಡೆಯವರೂ ಇದ್ದಾರೆ. ಒಂದು ಕಾಲದಲ್ಲಿ ಈ ಊರಿನಲ್ಲಿ ಕನ್ನಡಿಗನೆಂದರೆ ಇಬ್ಬರೇ: ಕೋಡಂಬಾಕ್ಕದಲ್ಲಿ ಬಣ್ಣ ಹಚ್ಚುವವನು, ಮೌಂಟ್ ರೋಡಿನಲ್ಲಿ ದೋಸೆ ಹೊಯ್ಯುವವನು. ಕಡಂದಲೆಯ ಕೃಷ್ಣರಾಯರು ಅಡುಗೆಮನೆಯ ತೀರ ಕೆಳಗಿನ ಕೆಲಸದಿಂದ ಸುರುಮಾಡಿ, ಮೌಂಟ್ ರೋಡಿನ ಉಡುಪಿ ಶ್ರೀಕೃಷ್ಣ ವಿಲಾಸಕ್ಕೆ ಏರಿ, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದವರು. ಕೆಥೆಡ್ರಲ್ ರಸ್ತೆಯ ಡ್ರೈವ್-ಇನ್ ವುಡ್‌ಲ್ಯಾಂಡ್ಸ್ ಬಂದದ್ದು 1962ರಲ್ಲಿ, ಮುಚ್ಚಿದ್ದು 2008ರಲ್ಲಿ. ಈಗ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಅಲ್ಲಿ ಕಾರಿನೊಳಗೇ ತಟ್ಟೆ ತರಿಸಿಕೊಂಡು ಸಾಂಬಾರ್ ವಡೆ ತಿಂದ ಕತೆಯನ್ನು ನನ್ನ ಮಾವನವರ ವಯಸ್ಸಿನವರೆಲ್ಲ ಒಂದೇ ಧಾಟಿಯಲ್ಲಿ ಹೇಳುತ್ತಾರೆ. ಮಾವನವರು ನಮ್ಮ ಯೋಜನೆ ಕೇಳಿ ಹೇಳಿದ್ದು ಇಷ್ಟೇ: "ಉಡುಪಿ ಕಡೆಯ ಹುಡುಗಿ, ಮಾಡಲಿ ಬಿಡು." ಬದಿಯಡ್ಕ ಉಡುಪಿಯಲ್ಲ ಎಂದು ಹೇಳುವ ಹೊತ್ತು ಅದಲ್ಲವಾಗಿತ್ತು.

ಚೆನ್ನೈಯ ಕೇಟರಿಂಗ್‌ನವರನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಅವರ ಕೈರುಚಿ ನೋಡಬೇಕಾದರೆ ಮಾರ್ಗಳಿ ತಿಂಗಳಲ್ಲಿ ಬರಬೇಕು. ಡಿಸೆಂಬರ್ ನಡುವಿನಿಂದ ಜನವರಿ ನಡುವಿನ ತನಕ ತಮಿಳರಲ್ಲಿ ಮದುವೆಯಿಲ್ಲ. ಅದೇ ಸಂಗೀತದ ಹಂಗಾಮು. ಕೆಲಸವಿಲ್ಲದ ಮದುವೆ ಅಡುಗೆಯವರೆಲ್ಲ ಆಗ ಸಭಾಗಳ ಕ್ಯಾಂಟೀನು ಹಿಡಿಯುತ್ತಾರೆ. ಕಛೇರಿ ಒಳಗೆ, ಬಾಳೆಎಲೆ ಹೊರಗೆ. ಕೀರವಾಣಿ ನಡೆಯುತ್ತಿರುವಾಗ ಎದ್ದುಹೋಗಿ ಕೀರೆವಡೆ ತಿಂದು ತನಿಆವರ್ತನಕ್ಕೆ ವಾಪಸಾಗುವ ರಸಿಕರಿದ್ದಾರೆ. ತೈ ತಿಂಗಳಲ್ಲಿ ಮಗಳ ಮದುವೆ ಇಟ್ಟುಕೊಂಡವರು ಅಲ್ಲಿಯೇ ರುಚಿ ನೋಡಿ ಅಡ್ವಾನ್ಸ್ ಕೊಡುತ್ತಾರೆ. ವ್ಯಾಪಾರದ ಜಾಣತನ ಇದಕ್ಕಿಂತ ಹೆಚ್ಚಿನದು ಬೇಕೆ? ಅವರ ಅಡುಗೆಯಲ್ಲಿ ದೋಷವಿಲ್ಲ. ದೋಷವಿಲ್ಲದ ಆ ಅಡುಗೆಯನ್ನು ಯಾರ ಮದುವೆಯಲ್ಲಿ ಉಂಡೆ ಎಂಬುದೇ ನನಗೆ ನೆನಪಿರುವುದಿಲ್ಲ, ಅಷ್ಟೆ.

ಹಾಲ್ ಹುಡುಕುವುದು ಅಡುಗೆ ಮಾಡುವುದಕ್ಕಿಂತ ಕಷ್ಟವಾಯಿತು. ಇಲ್ಲಿನ ದೊಡ್ಡ ಕಲ್ಯಾಣಮಂಟಪಗಳಲ್ಲಿ ಬಹಳಷ್ಟಕ್ಕೆ ತಮ್ಮದೇ ಅಡುಗೆಯವರಿದ್ದಾರೆ. ಹೊರಗಿನವರು ಒಲೆ ಹಚ್ಚುವ ಹಾಗಿಲ್ಲ. "ಕೇಟರರ್ ಯಾರು?" ಎಂದು ಮ್ಯಾನೇಜರು ಕೇಳುವುದು, "ನಾವೇ" ಎಂದು ನಾವು ಹೇಳುವುದು, ಯಾವುದೋ ಹೊಸ ಕಂಪನಿಯ ಹೆಸರೆಂದುಕೊಂಡು ಅವರು ಬರೆದುಕೊಳ್ಳುವುದು, ಹೀಗೆ ನಡೆಯಿತು. ಕೊನೆಗೆ ಮಾಂಬಲದ ಒಂದು ಒಳಬೀದಿಯಲ್ಲಿ ಸಣ್ಣ ಹಾಲ್ ಸಿಕ್ಕಿತು. ಉಪನಯನ, ಷಷ್ಟ್ಯಬ್ದಪೂರ್ತಿಗಳೇ ಹೆಚ್ಚಾಗಿ ನಡೆಯುವ ಜಾಗ. ಹಿಂದುಗಡೆ ಹೊಗೆಯಿಂದ ಕಪ್ಪಾದ ಗೋಡೆಯ ದೊಡ್ಡ ಅಡುಗೆಮನೆ, ಬಾವಿಯ ಬದಲು ಬೋರ್‌ವೆಲ್ಲು, ಕಲ್ಲುಹಾಸಿನ ಅಂಗಳ. ಆ ಭಾನುವಾರ ಮುಹೂರ್ತವಿಲ್ಲದ ದಿನವಾದ್ದರಿಂದ ಬಾಡಿಗೆಯೂ ಇಳಿಯಿತು. ಕಂಟ್ರಾಕ್ಟರ ಹಂಗು ಬಿಟ್ಟ ಮೇಲೆ ಪಂಚಾಂಗದ ಹಂಗೂ ಬಿಟ್ಟಂತಾಯಿತು.

ಒಟ್ಟು 120 ಎಲೆ. ಊಟ ಬರೆಯಲು ಕೂತಾಗ ಆಸೆಗಳೆಲ್ಲ ಬಂದವು: ಹೋಳಿಗೆ, ಜಿಲೇಬಿ, ಪತ್ರೊಡೆ, ಬೋಂಡ. ಊರಿನ ಅಡುಗೆ ಭಟ್ಟರೊಬ್ಬರಿಗೆ ಫೋನಿನಲ್ಲಿ ಪಟ್ಟಿ ಓದಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಬಾಣಲೆ ಎದುರು ನಿಲ್ಲುವವರು ಯಾರು?" ಕರಿಯುವ ಪದಾರ್ಥ ಒಬ್ಬ ಮನುಷ್ಯನನ್ನು ಪೂರ್ತಿಯಾಗಿ ನುಂಗುತ್ತದೆ, ಅವನು ಬೇರೆ ಯಾವುದಕ್ಕೂ ಒದಗುವುದಿಲ್ಲ. ಹಾಗಾಗಿ ಕರಿಯುವುದೆಲ್ಲ ಹೋಯಿತು, ಹಪ್ಪಳದ ಹೊರತು. ಹೋಳಿಗೆಯನ್ನು ಪಶ್ಚಿಮ ಮಾಂಬಲದ ವೆಂಕಟೇಶ್ವರ ಬೋಳಿ ಸ್ಟಾಲಿನಿಂದ ತರುವುದೆಂದಾಯಿತು. ಅವರು ದಿನವಿಡೀ ಅದನ್ನೇ ತಟ್ಟುವವರು, ಅವರೊಂದಿಗೆ ನಾವು ಪೈಪೋಟಿಗೆ ಇಳಿಯುವುದು ಅಹಂಕಾರ. ಉಳಿದದ್ದು ಕೋಸಂಬರಿ, ಗುಜ್ಜೆ ಪಲ್ಯ, ಸೌತೆಕಾಯಿ ಕೊದ್ದೆಲು, ಬೂದುಗುಂಬಳದ ಮೇಲಾರ, ಸಾರು, ಹೆಸರುಬೇಳೆ ಪಾಯಸ, ಮೊಸರನ್ನ. ಮಾವಿನಮಿಡಿ ಉಪ್ಪಿನಕಾಯಿ ಅಮ್ಮನ ಭರಣಿಯಿಂದ.

ಸೌತೆಕಾಯಿಯೂ ಗುಜ್ಜೆಯೂ ಮಂಗಳೂರು–ಚೆನ್ನೈ ಮೈಲಿನಲ್ಲಿ ಅಪ್ಪ ಅಮ್ಮನ ಜೊತೆ ಬಂದವು. ಕಾಸರಗೋಡಿನಲ್ಲಿ ಹತ್ತಿಸಿದ ಗೋಣಿಗಳು ಬರ್ತಿನ ಅಡಿಯಲ್ಲಿ ಮಲಗಿ ಬಂದು ಬೆಳಗ್ಗೆ ಸೆಂಟ್ರಲ್‌ನಲ್ಲಿ ಇಳಿದವು. ಉಳಿದ ತರಕಾರಿಗೆ ಕೋಯಂಬೇಡು. ಜಾರ್ಜ್ ಟೌನಿನ ಕೊತ್ವಾಲ್ ಚಾವಡಿಯ ಇಕ್ಕಟ್ಟಿನಿಂದ ಸಗಟು ವ್ಯಾಪಾರವನ್ನು ಎತ್ತಿ 1996ರಲ್ಲಿ ಇಲ್ಲಿಗೆ ತಂದರು. ಲಾರಿಗಳು ರಾತ್ರಿ ಬರುತ್ತವೆ, ಬೆಳಕು ಹರಿಯುವಷ್ಟರಲ್ಲಿ ಒಳ್ಳೆಯ ಮಾಲೆಲ್ಲ ಖಾಲಿ. ಕತ್ತಲಲ್ಲೇ ಹೋಗಬೇಕು, ಕಾಲಡಿಯಲ್ಲಿ ಕೋಸಿನ ಎಲೆ ಜಾರುತ್ತದೆ ಎಂದು ನೋಡಿಕೊಂಡು ನಡೆಯಬೇಕು, ತಲೆಹೊರೆಯವರು ದಾರಿ ಬಿಡಿ ಎಂದು ಕೂಗುವ ಮೊದಲೇ ಬಿಡಬೇಕು. ಬಾಳೆಎಲೆ ಕೊಳ್ಳುವಾಗ ಕಟ್ಟಿನ ಹೊರಗಿನ ಎಲೆ ನೋಡಿ ಮರುಳಾಗಬಾರದು ಎಂದು ಅತ್ತೆ ಹೇಳಿಕೊಟ್ಟಿದ್ದರು. ನಡುವಿನಿಂದ ಒಂದನ್ನು ಎಳೆದು, ದಿಂಡನ್ನು ಸ್ವಲ್ಪ ಬಾಗಿಸಿ ನೋಡಬೇಕು. ಎಳೆಯದಾದರೆ ಬಳುಕುತ್ತದೆ, ಬಲಿತದ್ದಾದರೆ ಸೀಳುತ್ತದೆ. ಸೀಳಿದ ಎಲೆಯಲ್ಲಿ ಸಾರು ಹಾಕಿಸಿಕೊಂಡವರು ಮದುವೆಯನ್ನು ಬಹುಕಾಲ ಮರೆಯುವುದಿಲ್ಲ. ಕುಡಿಯೆಲೆ 150 ತಂದೆವು. ಹೀಗೆ ಮೊದಮೊದಲು ಮುಖ ಗಂಟಿಕ್ಕಿದ್ದ ಅತ್ತೆ, ಎಲೆಯ ವಿಷಯದಲ್ಲಿ ನಮ್ಮ ಅಜ್ಞಾನವನ್ನು ಸಹಿಸಲಾರದೆ, ಮೆಲ್ಲಗೆ ಇಡೀ ಅಡುಗೆಯ ಯಜಮಾನಿಕೆ ವಹಿಸಿಕೊಂಡರು.

ಪಾತ್ರೆ ಬಾಡಿಗೆ ಅಂಗಡಿ ಅವರ ಪರಿಚಯದ್ದು. ನಾಲ್ವರು ಕೂರಬಹುದಾದ ಅಂಡೆಗಳು, ಕೊಪ್ಪರಿಗೆ, ಜಾಲರಿ ಸೌಟು, ಬಡಿಸುವ ಬಕೆಟ್ಟು, ಮಗುಚಲು ಹುಟ್ಟಿನಷ್ಟು ಉದ್ದದ ಸಟ್ಟುಗ. ಅಂಗಡಿಯವರು ಒಂದೊಂದರ ಮೈಮೇಲಿನ ತಗ್ಗನ್ನು ಬೆರಳಿನಿಂದ ತಡವಿ ಪುಸ್ತಕದಲ್ಲಿ ಬರೆದುಕೊಂಡರು, ಮರಳಿಸುವಾಗ ಹೊಸ ತಗ್ಗು ಕಂಡರೆ ದುಡ್ಡು ಕೊಡಬೇಕು. ಅತ್ತೆ ಒಂದೊಂದರೊಳಗೂ ತಲೆ ಹಾಕಿ ಮೂಸಿದರು. ಹಿಂದಿನ ಮದುವೆಯ ಬಿರಿಯಾನಿಯ ನೆನಪು ಉಳಿಸಿಕೊಂಡಿದ್ದ ಒಂದು ಅಂಡೆ ಅಲ್ಲೇ ಉಳಿಯಿತು.

ಹಿಂದಿನ ರಾತ್ರಿ ಮಾಂಬಲದ ಆ ಕಲ್ಲುಹಾಸಿನ ಮೇಲೆ ಮೇಲಾರಕ್ಕೆ ಕೊರೆದೆವು. ಗುಜ್ಜೆಯ ಎದುರು ಕೂರುವ ಮೊದಲು ಅಂಗೈಗೆ, ಕತ್ತಿಗೆ ತೆಂಗಿನೆಣ್ಣೆ ಸವರಬೇಕು, ಇಲ್ಲದಿದ್ದರೆ ಮೇಣ ಅಂಟಿ ಬೆರಳು ಬೆರಳಿಗೆ ಹತ್ತಿಕೊಳ್ಳುತ್ತದೆ. ಗುಜ್ಜೆಯನ್ನು ಉದ್ದಕ್ಕೆ ಸೀಳಿ, ಕಣ್ಣೀರಿನಂತೆ ಜಿನುಗುವ ಬಿಳಿ ಮೇಣವನ್ನು ಹಳೆಯ ಪೇಪರಿನಿಂದ ಒರೆಸಿ, ಮುಳ್ಳುಸಿಪ್ಪೆ ತೆಗೆದು, ನಡುವಿನ ಗೂಂಜನ್ನು ಕೆತ್ತಿ ಬಿಸಾಡಿ, ಹೋಳನ್ನು ಕೂಡಲೇ ಮಜ್ಜಿಗೆ ನೀರಿಗೆ ಹಾಕಬೇಕು, ಇಲ್ಲದಿದ್ದರೆ ಕಪ್ಪಾಗುತ್ತದೆ. ದೊಡ್ಡಪ್ಪ ಒಂದನ್ನು ಮಾಡಿ ತೋರಿಸಿದರು. ಮಾವನವರ ತಮ್ಮ, ನಿವೃತ್ತ ಬ್ಯಾಂಕ್ ಮ್ಯಾನೇಜರು, ಎಣ್ಣೆ ಸವರುವುದು ಅಡ್ಡಹಾದಿ ಎಂದುಕೊಂಡವರು, ಒಣಕೈಯಲ್ಲಿ ಸುರುಮಾಡಿದರು. ಸ್ವಲ್ಪ ಹೊತ್ತಿನಲ್ಲಿ ಅವರ ಕೈಗೆ ಕತ್ತಿಯೂ, ಕತ್ತಿಗೆ ಪೇಪರೂ, ಪೇಪರಿಗೆ ಪಂಚೆಯೂ ಅಂಟಿಕೊಂಡವು. ದೊಡ್ಡಪ್ಪನಿಗೆ ತಮಿಳು ಬಾರದು, ಚಿಕ್ಕಮಾವನಿಗೆ ಕನ್ನಡ ಬಾರದು. ಮೇಣ ಬಿಡಿಸಲು ಸೀಮೆಎಣ್ಣೆ ಎಲ್ಲಿ ಸಿಕ್ಕೀತೆಂಬ ವಿಚಾರದಿಂದ ಅವರ ಸ್ನೇಹ ಮೊದಲಾಯಿತು.

ಬೆಳಗ್ಗೆ ನಾಲ್ಕಕ್ಕೆ ಒಲೆ ಹಚ್ಚಿದೆವು. ಮೊದಲ ಪೇಚು ಬೇಳೆಯದ್ದು. ಚೆನ್ನೈಯ ಬೋರ್ ನೀರು ಗಡಸು. ಅದರಲ್ಲಿರುವ ಸುಣ್ಣ, ಮೆಗ್ನೀಷಿಯಂ ಬೇಳೆಯ ಮೈಯನ್ನು ಬಿಗಿ ಮಾಡುತ್ತವೆ. ಎಷ್ಟು ಕುದಿಸಿದರೂ ತೊಗರಿಬೇಳೆ ನೀರಿನಲ್ಲಿ ಈಜುತ್ತದೆಯೇ ಹೊರತು ಕರಗುವುದಿಲ್ಲ. ಅತ್ತೆಗೆ ಇದು ಗೊತ್ತಿತ್ತು. ಬೇಳೆ ಬೇಯಿಸಲಿಕ್ಕೇ ಎಂದು 20 ಲೀಟರಿನ ಕ್ಯಾನುಗಳನ್ನು ತರಿಸಿದ್ದರು. 2019ರ ಬೇಸಗೆಯಲ್ಲಿ ಚೆನ್ನೈಯ ಕೆರೆಗಳೆಲ್ಲ ಬತ್ತಿ, ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ಬಂದಾಗ, ಮೆಸ್ಸುಗಳು ಬಾಗಿಲು ಹಾಕಿದಾಗ ಮನೆ ನಡೆಸಿದವರು ಅವರು. ನೀರಿನ ಮೇಲೆ ಅವರ ಲೆಕ್ಕ ತಪ್ಪುವುದಿಲ್ಲ.

ಎರಡನೆಯದು ಅಳತೆಯ ಪೇಚು. ನಾಲ್ಕು ಜನರ ಅಡುಗೆಯನ್ನು ಮೂವತ್ತರಿಂದ ಗುಣಿಸಿದರೆ 120 ಜನರ ಅಡುಗೆಯಾಗುತ್ತದೆ ಎಂದು ಎಂಜಿನಿಯರಾದ ನನ್ನ ಗಂಡ ಕಾಗದದ ಮೇಲೆ ತೋರಿಸಿದ್ದ. ಕಾಗದದಲ್ಲಿ ಆಗುತ್ತದೆ. ಆದರೆ ನೀರು ಆವಿಯಾಗುವುದು ಪಾತ್ರೆಯ ಬಾಯಿಯಿಂದ, ಬಾಯಿಯೇನೂ ಮೂವತ್ತು ಪಟ್ಟು ಅಗಲವಾಗುವುದಿಲ್ಲ. ನೀರನ್ನು ಗುಣಿಸಿದರೆ ಕೊದ್ದೆಲು ಕೊನೆಯ ತನಕ ತೆಳ್ಳಗೇ ಇರುತ್ತದೆ. ಹಾಗೆಯೇ ದೊಡ್ಡ ಪಾತ್ರೆ ಒಲೆ ಆರಿಸಿದ ಮೇಲೂ ತನ್ನ ಕಾವಿನಲ್ಲೇ ಬೇಯುತ್ತಿರುತ್ತದೆ. ಕುಂಬಳದ ಹೋಳು ಇನ್ನೂ ಸ್ವಲ್ಪ ಗಟ್ಟಿ ಇರುವಾಗಲೇ ಇಳಿಸಬೇಕು, ಊಟದ ಹೊತ್ತಿಗೆ ಅದು ತಾನಾಗಿ ಹದಕ್ಕೆ ಬರುತ್ತದೆ. ಉಪ್ಪು, ಖಾರವನ್ನು ಲೆಕ್ಕದ ಮುಕ್ಕಾಲು ಪಾಲು ಹಾಕಿ ಆಮೇಲೆ ನಾಲಗೆಯನ್ನು ಕೇಳಬೇಕು. ಭಟ್ಟರು ಫೋನಿನಲ್ಲಿ ಇಷ್ಟನ್ನೂ ಹೇಳಿದ್ದರು, ಕಾರಣ ಹೇಳಿರಲಿಲ್ಲ. ಕಾರಣ ನನ್ನ ಗಂಡನಿಗೆ ಬೇಕಿತ್ತು, ಭಟ್ಟರಿಗೆ ಬೇಕಿರಲಿಲ್ಲ.

ಅನ್ನ ಎಲ್ಲಕ್ಕಿಂತ ಕಷ್ಟ. ಹತ್ತು ಕಿಲೋ ಅಕ್ಕಿ ಬೆಂದ ಅಂಡೆಯನ್ನು ಇಬ್ಬರು ಎರಡು ಕಡೆ ಹಿಡಿದು ಬಾಗಿಸಿ ಗಂಜಿ ಬಸಿಯಬೇಕು. ಬಸಿದ ಅನ್ನವನ್ನು ತೊಳೆದ ಬಿಳಿ ಪಂಚೆಯ ಮೇಲೆ ಹರಡಿ ಅಗುಳು ಬಿಡಿಸಬೇಕು. ಹಾಗೇ ಬಿಟ್ಟರೆ ತಳದ ಅನ್ನ ಮೇಲಿನದರ ಭಾರಕ್ಕೆ ಮುದ್ದೆಯಾಗುತ್ತದೆ. ಮೊಸರನ್ನಕ್ಕೆ ಬೇರೆ 4 ಕಿಲೋ. ಅದರ ಗುಟ್ಟು ಮೊಸರಿನಲ್ಲಿಲ್ಲ, ಹಾಲಿನಲ್ಲಿದೆ. ಮೆತ್ತಗೆ ಬೆಂದ ಅನ್ನವನ್ನು ಹಾಲಿನಲ್ಲಿ ಕಲಸಿ, ಆರಿದ ಮೇಲೆ ಒಂದಿಷ್ಟೇ ಮೊಸರು ಬೆರೆಸಿದರೆ ಬಡಿಸುವ ಹೊತ್ತಿಗೆ ಹುಳಿ ಸರಿಯಾಗಿ ಕೂರುತ್ತದೆ. ಇದನ್ನು ನನ್ನ ಗಂಡ ವಹಿಸಿಕೊಂಡ, ಮದುಮಗ ಮೊಣಕೈ ತನಕ ಮೊಸರನ್ನದಲ್ಲಿದ್ದ ಫೋಟೊ ಇದೆ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಅವನು ಕ್ಯಾಮೆರಾ ನೋಡದೆ ಇರುವುದು ಅದೊಂದರಲ್ಲೇ.

ನಾದಿನಿ ಆಹಾರ ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವವಳು. ಬೆಳಗ್ಗಿನಿಂದ ಥರ್ಮಾಮೀಟರ್ ಹಿಡಿದು ಅಂಡೆಯಿಂದ ಅಂಡೆಗೆ ಓಡಾಡುತ್ತಿದ್ದಳು. ಬಿಸಿಯಾಗಿರಬೇಕಾದದ್ದು 60 ಡಿಗ್ರಿಗಿಂತ ಮೇಲಿರಬೇಕು, ಬೇಯಿಸಿದ್ದು ಹೊರಗಿನ ಶಾಖದಲ್ಲಿ ಎರಡು ತಾಸಿಗಿಂತ ಹೆಚ್ಚು ಇರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅನ್ನವನ್ನು ಕುದಿಸಿದರೂ ಸಾಯದ ಒಂದು ಬ್ಯಾಕ್ಟೀರಿಯ ಇದೆ, ಬ್ಯಾಸಿಲಸ್ ಸೀರಿಯಸ್ ಅಂತ, ಬೆಚ್ಚಗಿನ ಅನ್ನದಲ್ಲಿ ಅದು ಬೆಳೆಯುತ್ತದೆ ಎಂದು ವಿವರಿಸಿದಾಗ ದೊಡ್ಡಪ್ಪ, "ಅಷ್ಟು ಸೀರಿಯಸ್ಸಾ?" ಎಂದರು. ತಮಾಷೆಯಲ್ಲ, ನಿಜವಾಗಿ ಕೇಳಿದ್ದು. ಆದರೆ ಚಪ್ಪರದ ಅಡುಗೆಯ ಹಳೆಯ ಕಟ್ಟಳೆಗಳೂ ಇದನ್ನೇ ಹೇಳುತ್ತವೆ. ತೆಂಗಿನಕಾಯಿ ಅರೆದು ಹಾಕಿದ್ದನ್ನು ಕೊನೆಗೆ ಮಾಡು, ಕೋಸಂಬರಿಗೆ ಎಲೆ ಹಾಕಿದ ಮೇಲೆಯೇ ಉಪ್ಪು ಬೆರೆಸು, ಉಳಿದದ್ದನ್ನು ಸಂಜೆಗೆ ಇಡಬೇಡ.

ಪಾಯಸ ನನ್ನ ಪಾಲಿಗೆ. ಹೆಸರುಬೇಳೆ 3 ಕಿಲೋ, ಬೆಲ್ಲ 5 ಕಿಲೋ. ಬೇಳೆಯನ್ನು ಬಣ್ಣ ಮಾಸುವಷ್ಟು ಹುರಿದು, ಬೇಯಿಸಿ, ಸೋಸಿದ ಬೆಲ್ಲದ ನೀರಿನೊಂದಿಗೆ ಕುದಿಯಲು ಇಟ್ಟೆ. ಎರಡನೇ ಕಾಯಿಹಾಲನ್ನು ಅದರೊಂದಿಗೇ ಹಾಕಬಹುದು. ಮೊದಲ ಕಾಯಿಹಾಲು, ಆ ಗಟ್ಟಿ ಹಾಲು, ಒಲೆ ಆರಿಸಿದ ಮೇಲೆಯೇ. ಅದು ಕುದಿದರೆ ಒಡೆದು ಎಣ್ಣೆ ಬಿಡುತ್ತದೆ. ಒಲೆ ಆರಿಸಿ, ಕುದಿ ಪೂರ್ತಿ ಅಡಗುವ ತನಕ ಕಾದು, ಸುತ್ತು ತಿರುಗಿಸುತ್ತಾ ಸಣ್ಣ ಧಾರೆಯಾಗಿ ಬಿಡುವಾಗ ಕಂದು ಬಣ್ಣದ ನಡುವೆ ಬಿಳಿ ಸುಳಿ ಎದ್ದು ನಿಧಾನಕ್ಕೆ ಕರಗುತ್ತದೆ. ಆ ಐದು ನಿಮಿಷ ಅಡುಗೆಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸಲಿಲ್ಲ. ಇಡೀ ದಿನದಲ್ಲಿ ನನಗೆ ಮದುಮಗಳ ಮರ್ಯಾದೆ ಸಿಕ್ಕಿದ್ದು ಆಗ.

ಹನ್ನೆರಡೂವರೆಗೆ ಮೊದಲ ಹಂತಿ ಕೂತಿತು. ಸೀರೆ ಬದಲಿಸಿಕೊಂಡು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾಯಸದ ಬಕೆಟ್ಟು ಎತ್ತಿದೆ. ಆಫೀಸಿನ ಗೆಳತಿಯರು, ಅವನ ಕ್ರಿಕೆಟ್ ಹುಡುಗರು, ಊರಿನಿಂದ ಬಂದ ಅತ್ತಿಗೆಯಂದಿರು ಎಲ್ಲರೂ ಬಡಿಸಲು ನಿಂತಿದ್ದರು. ಮಾಂಬಲದ ನೆಂಟರಿಗೆ ಮೊದಲು ದಿಗಿಲು. ಕೈಯಲ್ಲಿ ಮುಯ್ಯಿಯ ಕವರು ಹಿಡಿದು ಬಂದಿದ್ದಾರೆ, ವೇದಿಕೆಯಿಲ್ಲ, ಸಿಂಹಾಸನವಿಲ್ಲ, ಮದುಮಗಳ ಎರಡು ಕೈಯಲ್ಲೂ ಬಕೆಟ್ಟು. ಕವರು ಕೊಡುವುದೆಲ್ಲಿ? ಒಬ್ಬರು ಧೈರ್ಯ ಮಾಡಿ ತೆಂಗಿನಕಾಯಿ ತಂದಿದ್ದ ಖಾಲಿ ಬುಟ್ಟಿಗೆ ಹಾಕಿದರು, ಉಳಿದವರು ಅದನ್ನೇ ಶಾಸ್ತ್ರವೆಂದು ಪಾಲಿಸಿದರು. ಆದರೆ ಎಲೆಯ ಮುಂದೆ ಬಗ್ಗಿ, "ಇನ್ನೊಂದು ಸೌಟು?" ಎಂದು ಕೇಳಿದಾಗ ಜನ ಮುಖ ಎತ್ತಿ ಮಾತಾಡುತ್ತಾರೆ. ವೇದಿಕೆಯ ಮೇಲೆ ಯಾರೂ ಹೇಳದ ಸುದ್ದಿಗಳನ್ನು ಹೇಳುತ್ತಾರೆ. ಅವನ ಹಿರಿಯ ಅತ್ತೆಯೊಬ್ಬರು, ತಾನು ಮದುವೆಯಾಗಿ ಬಂದ ಮೊದಲ ವರ್ಷ ಈ ಮನೆಯಲ್ಲಿ ಸಾರಿಗೆ ಬೆಲ್ಲ ಹಾಕಿ ಎಲ್ಲರಿಂದ ಬೈಸಿಕೊಂಡದ್ದನ್ನು ನನಗೆ ಹೇಳಿದ್ದು ಪಾಯಸಕ್ಕೂ ಮೊಸರನ್ನಕ್ಕೂ ನಡುವೆ. ನಮ್ಮ ಕೊದ್ದೆಲಿನಲ್ಲೂ ಬೆಲ್ಲವಿತ್ತು. ಅವರು ಎರಡು ಸಲ ಹಾಕಿಸಿಕೊಂಡರು.

ಎರಡನೇ ಹಂತಿಯ ನಡುವೆ ದೊಡ್ಡಪ್ಪ ಇದ್ದಕ್ಕಿದ್ದಂತೆ ಎದೆ ತುಂಬ ಉಸಿರೆಳೆದು ಒಂದು ಚೂರ್ಣಿಕೆ ಹೊಡೆದರು. ನಮ್ಮ ಊಟಗಳಲ್ಲಿ ಅದು ವಾಡಿಕೆ. ಒಬ್ಬರು ರಾಗವಾಗಿ ಹೇಳಿ ನಿಲ್ಲಿಸಿದಾಗ ಹಂತಿಯೆಲ್ಲ ಒಟ್ಟಿಗೆ ದೇವರ ಹೆಸರು ಕೂಗಬೇಕು. ಕಾಸರಗೋಡಿನ ಕಡೆಯ ಹತ್ತು ಹದಿನೈದು ಗಂಟಲು ಕೂಗಿದವು. ತಮಿಳರ ಸಾಲು ಕೈ ಎಲೆಯಲ್ಲೇ ಬಿಟ್ಟು ಬೆಪ್ಪಾಗಿ ನೋಡಿತು. ಎರಡನೇ ಚೂರ್ಣಿಕೆಗೆ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವರು ಮೇಣದ ಚಿಕ್ಕಮಾವ.

ಇದನ್ನು ಓದಿ ಯಾರಾದರೂ ಉಳಿತಾಯವಾಗುತ್ತದೆಂದು ಹೊರಟರೆ ನಾನು ಹೊಣೆಯಲ್ಲ. ಸಾಮಾನು, ಪಾತ್ರೆ ಬಾಡಿಗೆ, ಗ್ಯಾಸು, ಕ್ಯಾನ್ ನೀರು, ರೈಲಿನ ಟಿಕೇಟು, ತೊಳೆಯಲು ಬಂದ ಹೆಂಗಸರ ಕೂಲಿ, ಎಲ್ಲ ಕೂಡಿಸಿದರೆ ಸಾಧಾರಣ ಕೇಟರರ್ ಒಂದೆಲೆಗೆ ಕೇಳುವುದಕ್ಕಿಂತ ಅಷ್ಟೇನೂ ಕಡಿಮೆ ಬರಲಿಲ್ಲ. 120 ಎಲೆಗಿಂತ ಮೇಲೆ ಹೋಗುವುದೂ ಬುದ್ಧಿವಂತಿಕೆಯಲ್ಲ. 500 ಜನರಿಗೆ ಬೇಯಿಸುವುದು ಒಂದು ಕಸುಬು, ಅದನ್ನು ಕಸುಬಿನವರಿಗೇ ಬಿಡಬೇಕು. ಮತ್ತೆ, ಮನೆಯಲ್ಲಿ ಲೆಕ್ಕದ ಹೆಂಗಸು ಒಬ್ಬರಾದರೂ ಇರಬೇಕು. ನಮ್ಮ ಅತ್ತೆ ಆವತ್ತೇ ರಾತ್ರಿ ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ: ಅಕ್ಕಿ ಒಂದೂವರೆ ಕಿಲೋ ಹೆಚ್ಚಾಯಿತು, ಪಾಯಸ ಸಾಲಲಿಲ್ಲ, ಗುಜ್ಜೆ ಪಲ್ಯ ಮೂರನೇ ಹಂತಿಗೆ ಮುಗಿಯಿತು, ಕಾಯಿ 40ರಲ್ಲಿ 3 ಕೊಳೆತದ್ದು.

ಸೋಮವಾರ ಪಾತ್ರೆ ಮರಳಿಸಲು ಹೋದಾಗ ಅಂಗಡಿಯವರು ಮತ್ತೆ ಬೆರಳಾಡಿಸಿ ತಗ್ಗು ಲೆಕ್ಕ ಹಾಕಿದರು. ಹೊಸ ತಗ್ಗು ಒಂದೂ ಇರಲಿಲ್ಲ, ಒಂದು ಜಾಲರಿ ಸೌಟು ಮಾತ್ರ ಕಾಣೆ. ಅದರ ದುಡ್ಡು ಹಿಡಿದುಕೊಂಡು ಉಳಿದ ಮುಂಗಡ ಎಣಿಸಿಕೊಟ್ಟರು. ಸೌಟು ಆಮೇಲೆ ಬದಿಯಡ್ಕದಲ್ಲಿ ಸಿಕ್ಕಿತು, ಅಪ್ಪ ಅಮ್ಮ ಗೋಣಿ ಬಿಚ್ಚಿದಾಗ. ಅಂಗಡಿಗೆ ಕಳಿಸಿಕೊಡೋಣವೆಂದರೆ ದೊಡ್ಡಪ್ಪ ಒಪ್ಪಲಿಲ್ಲ. ದುಡ್ಡು ಕೊಟ್ಟಾಗಿದೆಯಲ್ಲ, ಹಿಡಿ ಗಟ್ಟಿಯಿದೆ, ಇರಲಿ ಎಂದು ತಾವೇ ಮನೆಗೆ ಒಯ್ದರು.